ತಾರಿ ದಾಟಲು ಯಾರ ದುಡ್ಡು?

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಹೊಳೆ ದಾಟುವ ವಿಷಯದ್ದೇ. ಕಳೆದ ಸಂಚಿಕೆಯಲ್ಲಿ ಯಾರಿಗೋ ಉತ್ತರ ಕೊಡುವಾಗ ‘ನಮ್ಮಪ್ಪ ತಾರಿ ದೋಣಿ (ಜನರನ್ನು ಹೊಳೆ ದಾಟಿಸುವ ದೋಣಿ) ನಡೆಸುತ್ತಿದ್ದರು’ ಅಂತ ಒಂದು ಮಾತು ಬರೆದಿದ್ದೆ. ಅಷ್ಟಕ್ಕೇ ಕಾರವಾರದಿಂದ ಭಟ್ಕಳದವರೆಗಿನ ಹೊಳೆಗಳೆಲ್ಲ ನನ್ನ ಮೇಜಿಗೆ ಹರಿದು ಬಂದವು. ಹೊಸ ಓದುಗರಿಗೆ ಹೇಳಿಬಿಡುತ್ತೇನೆ. ನಾನು ಸರ್ಕಾರಿ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡಿ ನಿವೃತ್ತಳಾದವಳು. ಅಪ್ಪ ಹೊಳೆಗೆ ಜಲ್ಲೆ ಹಾಕುತ್ತಿದ್ದರು, ನಾನು ಬಿಲ್ಲಿಗೆ ಕೊಕ್ಕೆ ಹಾಕುತ್ತಿದ್ದೆ. ಈ ಎರಡು ಕೆಲಸ ಬಿಟ್ಟರೆ ನಮ್ಮ ಮನೆಯವರಿಗೆ ಬೇರೆ ಗೊತ್ತಿಲ್ಲ. ಹಾಗಾಗಿ ಈ ಸಲ ಧೈರ್ಯವಾಗಿಯೇ ಉತ್ತರಿಸುತ್ತೇನೆ.

ಪ್ರಶ್ನೆ: ಅಕ್ಕಾ, ನಮ್ಮೂರ ತಾರಿಗೆ ಹೊಸ ಧಕ್ಕೆ, ಅಂದರೆ ಬೋಟು ನಿಲ್ಲುವ ಕಟ್ಟೆ, ಆಗಿದೆ. ಕಾಂಕ್ರೀಟು, ಕಂಬಿ, ಸೋಲಾರ್ ದೀಪ ಎಲ್ಲ ಇದೆ. ಆದರೂ ನಮ್ಮತ್ತೆ ಬೋಟು ಹತ್ತಲು ಹೆದರುತ್ತಾರೆ. ಹಳೇ ಮಣ್ಣಿನ ದಂಡೆಯೇ ವಾಸಿಯಾಗಿತ್ತು ಅನ್ನುತ್ತಾರೆ. ವಯಸ್ಸಾದವರ ಹಠ ಅಂತ ಸುಮ್ಮನಿರಲಾ?
— ಓದುಗರು, ಕುಮಟಾ ತಾಲೂಕು

ಸುಮ್ಮನಿರಬೇಡಿ. ನಿಮ್ಮತ್ತೆ ಹೇಳಿದ್ದು ಸರಿ.

ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಅಳಿವೆಯ ನೀರು ಹೆಚ್ಚುಕಡಿಮೆ 2 ಮೀಟರ್ ಏರಿ ಇಳಿಯುತ್ತದೆ. ಅಂದರೆ ಒಬ್ಬ ಆಳಿನ ಎತ್ತರ. ಕಾಂಕ್ರೀಟಿನ ಧಕ್ಕೆ ಮಾತ್ರ ಹಾಕಿದ ಜಾಗದಲ್ಲೇ ನಿಂತಿರುತ್ತದೆ. ಬೆಳಿಗ್ಗೆ ಎಂಟಕ್ಕೆ ಬೋಟಿನ ಅಂಚು ಧಕ್ಕೆಗೆ ಸಮವಾಗಿತ್ತು ಅಂದುಕೊಳ್ಳಿ. ಮಧ್ಯಾಹ್ನ ಎರಡಕ್ಕೆ ಅದೇ ಬೋಟು ಕೆಳಗೆ ಬಾವಿಯಲ್ಲಿ ಇದ್ದ ಹಾಗೆ ಕಾಣುತ್ತದೆ. ನಡುವೆ ಇರುವುದು ಮೆಟ್ಟಿಲು. ಆ ಮೆಟ್ಟಿಲಿನ ಕೆಳಗಿನ ನಾಲ್ಕೈದು ಹಂತ ದಿನಾ ನೀರಲ್ಲಿ ಮುಳುಗಿ ಏಳುವುದರಿಂದ ಪಾಚಿ, ಸಿಂಪಿ ಅಂಟಿಕೊಂಡು ಕೂತಿರುತ್ತವೆ.

ಅಪ್ಪನ ಕಾಲದಲ್ಲಿ ಒಂದು ಹಲಗೆ ಇತ್ತು. ಹಲಸಿನ ಮರದ್ದು, ಅಡ್ಡಕ್ಕೆ ಪಟ್ಟಿ ಹೊಡೆದದ್ದು. ದೋಣಿ ಎಲ್ಲಿ ನಿಲ್ಲುತ್ತದೋ ಅಲ್ಲಿಗೆ ಹಲಗೆ ಹೋಗುತ್ತಿತ್ತು. ನೀರು ಇಳಿದರೆ ದೋಣಿ ಹತ್ತು ಮಾರು ಆಚೆ, ಹಲಗೆಯೂ ಹತ್ತು ಮಾರು ಆಚೆ. ಕೆಸರಾಗುತ್ತಿತ್ತು, ಸೀರೆ ಒದ್ದೆಯಾಗುತ್ತಿತ್ತು, ಬೈಗುಳ ಸಿಗುತ್ತಿತ್ತು. ಕಾಲು ಮುರಿದದ್ದು ಮಾತ್ರ ನೆನಪಿಲ್ಲ.

ಆಮೇಲೆ ಪಕ್ಕಾ ಧಕ್ಕೆ ಬಂತು. ಯಾವ ಹೊಳೆ, ಯಾರು ಕಟ್ಟಿಸಿದ್ದು ಅದೆಲ್ಲ ಈಗ ಬೇಡ. ನಮ್ಮವ್ವ ಬಳಚಿನ (ಚಿಪ್ಪುಮೀನಿನ) ಬುಟ್ಟಿ ಹೊತ್ತು ಆಚೆ ದಡದ ಸಂತೆಗೆ ಹೋಗುವವಳು. ಒಂದು ಮಧ್ಯಾಹ್ನ ಇಳಿತ ಜೋರಾಗಿತ್ತು. ಕೊನೆಯ ಮೆಟ್ಟಿಲಿನಿಂದ ಬೋಟಿಗೆ ಒಂದು ಮೊಳಕ್ಕಿಂತ ಜಾಸ್ತಿ ಅಂತರ. ಖಲಾಸಿ ಕೈ ಚಾಚಿದ. ಅವ್ವ ಒಂದು ಕೈಯಲ್ಲಿ ಬುಟ್ಟಿ ಹಿಡಿದು ಇನ್ನೊಂದನ್ನು ಅವನಿಗೆ ಕೊಟ್ಟಳು. ಅಷ್ಟರಲ್ಲಿ ಆಚೆಯಿಂದ ಬಂದ ಮೀನಿನ ಬೋಟಿನ ಅಲೆಗೆ ನಮ್ಮ ಬೋಟು ಅರ್ಧ ಮಾರು ಹಿಂದೆ ಸರಿಯಿತು. ಬಳಚು ನೀರಿಗೆ, ಅವ್ವನ ಕಾಲು ಬೋಟಿಗೂ ಕಲ್ಲಿಗೂ ನಡುವೆ. ಹಿಮ್ಮಡಿ ಮೇಲಿನ ಎಲುಬು ಬಿರುಕು ಬಿಟ್ಟಿತು. ಮೂರು ತಿಂಗಳು ಹಾಸಿಗೆ. ‘ಬಳಚು ಅದರ ಮನೆಗೆ ಹೋಯ್ತು, ನಾನು ನನ್ನ ಮನೆಗೆ ಬಂದೆ’ ಅನ್ನುತ್ತಿದ್ದಳು. ಆಮೇಲೆ ಅವಳು ಹೊಳೆ ದಾಟಿದ್ದು ಕಡಿಮೆ.

ಇದಕ್ಕೆ ಪರಿಹಾರ ಹೊಸದೇನಲ್ಲ. ತೇಲುವ ಜೆಟ್ಟಿ, ಅಂದರೆ ಪಾಂಟೂನ್. ದೊಡ್ಡ ಪೆಟ್ಟಿಗೆಯಂಥದ್ದು ನೀರಿನ ಮೇಲೆ ತೇಲುತ್ತದೆ. ನಾಲ್ಕು ಕಂಬಕ್ಕೆ ಬಳೆ ತೊಡಿಸಿ ಹಿಡಿದಿಟ್ಟಿರುತ್ತಾರೆ. ನೀರು ಏರಿದರೆ ಬಳೆ ಮೇಲೆ ಜಾರುತ್ತದೆ, ಇಳಿದರೆ ಕೆಳಗೆ. ಬೋಟೂ ತೇಲುತ್ತದೆ, ಜೆಟ್ಟಿಯೂ ತೇಲುತ್ತದೆ, ಹಾಗಾಗಿ ಎರಡರ ಮಟ್ಟ ಯಾವಾಗಲೂ ಒಂದೇ. ದಡದಿಂದ ಜೆಟ್ಟಿಗೆ ಒಂದು ಕಡೆ ಕೀಲು, ಇನ್ನೊಂದು ಕಡೆ ಚಕ್ರ ಇರುವ ಓಡುಹಲಗೆ. ಅಪ್ಪನ ಹಲಸಿನ ಹಲಗೆಯ ಮೊಮ್ಮಗ ಅಂತಿಟ್ಟುಕೊಳ್ಳಿ. ಕೊಚ್ಚಿಯ ವಾಟರ್ ಮೆಟ್ರೋ 2023ರ ಏಪ್ರಿಲ್‌ನಲ್ಲಿ ಶುರುವಾಯ್ತಲ್ಲ, ಅಲ್ಲಿ ಇರುವುದು ಇಂಥ ಜೆಟ್ಟಿಗಳೇ. ಗಾಲಿಕುರ್ಚಿಯವರು ಯಾರ ಕೈಯನ್ನೂ ಹಿಡಿಯದೆ ಬೋಟಿನೊಳಗೆ ಹೋಗುತ್ತಾರೆ.

ಆದರೆ ಇಲ್ಲೊಂದು ಲೆಕ್ಕ ಇದೆ. ಗಾಲಿಕುರ್ಚಿಗೆ ಇಳಿಜಾರು 12ಕ್ಕೆ 1ರಂತೆ ಇರಬೇಕು. 2 ಮೀಟರ್ ಇಳಿತಕ್ಕೆ 24 ಮೀಟರ್ ಉದ್ದದ ಓಡುಹಲಗೆ ಬೇಕು. ಅಂದಾಜುಪಟ್ಟಿಯಲ್ಲಿ ಮೊದಲು ಕತ್ತರಿ ಬೀಳುವುದು ಈ ಉದ್ದಕ್ಕೇ. 24 ಇದ್ದದ್ದು 12 ಆಗುತ್ತದೆ. ಆಗ ಭರತದಲ್ಲಿ ರಸ್ತೆ, ಇಳಿತದಲ್ಲಿ ಜಾರುಬಂಡಿ. ಸ್ವಾಗತ ಕಮಾನಿಗೆ ಮಾತ್ರ ಕತ್ತರಿ ಬಿದ್ದದ್ದನ್ನು ನಾನು ನನ್ನ ಸರ್ವೀಸಿನಲ್ಲಿ ಕಂಡಿಲ್ಲ.

ನಿಮ್ಮತ್ತೆಗೆ ನನ್ನ ನಮಸ್ಕಾರ ಹೇಳಿ.

ಪ್ರಶ್ನೆ: ನಮ್ಮ ಮಗ ಅಮೆರಿಕದ ಸಿಯಾಟಲ್‌ನಲ್ಲಿದ್ದಾನೆ. ಹೋದ ವರ್ಷ ನಾವಿಬ್ಬರೂ ಹೋಗಿದ್ದೆವು. ಕಾರಿನಲ್ಲೇ ಕೂತು ಬೋಟು ಹತ್ತಿ ಸಮುದ್ರ ದಾಟಿದೆವು! ಅಲ್ಲಿ ಸರ್ಕಾರವೇ ಇದಕ್ಕೆ ಅನುದಾನ ಕೊಡುತ್ತದಂತೆ. ಶ್ರೀಮಂತ ದೇಶ, ಕೊಡುತ್ತಾರೆ. ನಮಗೆ ಅದೆಲ್ಲ ಸಾಧ್ಯವಾ?
— ಓದುಗರು, ಶಿರಸಿ

ಶಿರಸಿಯವರು ಬೋಟಿನ ಬಗ್ಗೆ ಕೇಳಿದ್ದು ಸಂತೋಷ. ಘಟ್ಟದ ಮೇಲಿನವರಿಗೆ ಮೀನು ಸಾಕು, ಹೊಳೆ ಬೇಡ ಅಂದುಕೊಂಡಿದ್ದೆ.

ನೀವು ಹತ್ತಿದ್ದು ವಾಷಿಂಗ್ಟನ್ ರಾಜ್ಯದ ಸರ್ಕಾರಿ ಫೆರ್ರಿ ಇರಬೇಕು. ಇಡೀ ಅಮೆರಿಕದಲ್ಲಿ ಅದೇ ದೊಡ್ಡದು. ಸಿಯಾಟಲ್‌ನ ಕೋಲ್ಮನ್ ಡಾಕ್ ಎಂಬ ಅದರ ನಿಲ್ದಾಣದಲ್ಲಿ ಹಳೆಯ ಮರದ ಕಂಬಗಳನ್ನು ತೆಗೆದು, ಉಕ್ಕು-ಕಾಂಕ್ರೀಟಿನ ಕಂಬ ಹಾಕಿ ಹೊಸದಾಗಿ ಕಟ್ಟಿದ್ದಾರೆ. 2017ರಲ್ಲಿ ಶುರುವಾದ ಕೆಲಸ 2023ರಲ್ಲಿ ಮುಗಿಯಿತು. ಅಷ್ಟೂ ವರ್ಷ ಬೋಟು ನಿಲ್ಲಿಸದೆ ಅರ್ಧರ್ಧ ಜಾಗದಲ್ಲಿ ಕೆಲಸ ಮಾಡಿದರು.

ಅನುದಾನದ ಮಾತಿಗೆ ಬರೋಣ. ಅಲ್ಲಿನ ಕೇಂದ್ರ ಸರ್ಕಾರದ ಫೆಡರಲ್ ಟ್ರಾನ್ಸಿಟ್ ಅಡ್ಮಿನಿಸ್ಟ್ರೇಷನ್ ಪ್ರತಿವರ್ಷ ಪ್ರಯಾಣಿಕರ ಬೋಟು ಮತ್ತು ನಿಲ್ದಾಣಕ್ಕೆ ಅಂತಲೇ 3 ಕೋಟಿ ಡಾಲರ್ ತೆಗೆದಿಡುತ್ತದೆ. ಊರೂರಿನವರು ಅರ್ಜಿ ಹಾಕಬೇಕು, ಪೈಪೋಟಿ ಮೇಲೆ ಹಂಚುತ್ತಾರೆ. ಸಾಮಾನ್ಯವಾಗಿ ಕೇಂದ್ರದ್ದು 80 ಪಾಲು, ಊರಿನವರದು 20. 2021ರ ನವೆಂಬರ್‌ನಲ್ಲಿ ಮೂಲಸೌಕರ್ಯದ ಒಂದು ದೊಡ್ಡ ಕಾಯ್ದೆ ಬಂತು. ಅದರಲ್ಲಿ ಐದು ವರ್ಷಕ್ಕೆ ಹಳ್ಳಿಗಾಡಿನ ಫೆರ್ರಿಗೆ 100 ಕೋಟಿ ಡಾಲರ್, ವಿದ್ಯುತ್ ಬೋಟಿನಂಥ ಕಡಿಮೆ ಹೊಗೆಯ ಬೋಟುಗಳಿಗೆ 25 ಕೋಟಿ ಡಾಲರ್ ಬೇರೆ.

ಈ ಮೊತ್ತ ಕೇಳಿ ನಿಮಗೆ ಹೊಟ್ಟೆ ಉರಿಯಬಹುದು. ನನಗೆ ಉರಿದದ್ದು ಬೇರೆ ಕಾರಣಕ್ಕೆ. ಆ ಹಳ್ಳಿ ಫೆರ್ರಿಯ ದುಡ್ಡನ್ನು ಬೋಟು ಕೊಳ್ಳಲಿಕ್ಕೆ ಮಾತ್ರವಲ್ಲ, ಓಡಿಸಲಿಕ್ಕೂ ಬಳಸಬಹುದು. ಇಂಧನ, ಸಂಬಳ, ದುರಸ್ತಿ ಎಲ್ಲದಕ್ಕೂ! ನಮ್ಮಲ್ಲಿ ಈ ಓಡಿಸುವ ಖರ್ಚನ್ನು ಯೋಜನೆಯೊಳಗೆ ಸೇರಿಸಿ ಬರೆದ ಕಡತ ನನ್ನ ಕೈಗೆ ಒಂದೇ ಒಂದು ಬಂದಿರಲಿಲ್ಲ.

ಹಾಗಂತ ಅಲ್ಲಿ ಎಲ್ಲ ಸ್ವರ್ಗ ಅಂತಲ್ಲ. ಆ ಹಳ್ಳಿ ಫೆರ್ರಿಯ ಹಣ ಸಿಗಬೇಕಾದರೆ ಎರಡು ಊರುಗಳ ನಡುವೆ ನೀರ ದಾರಿ 50 ಮೈಲಿಗಿಂತ ಜಾಸ್ತಿ ಇರಬೇಕು. ಹಾಗಾಗಿ ದೊಡ್ಡ ಪಾಲು ಅಲಾಸ್ಕಾದ ಕಡೆ ಹೋಯಿತು. ನಮ್ಮ ಅಘನಾಶಿನಿ–ತದಡಿ ತಾರಿಯನ್ನು ಅಲ್ಲಿ ಒಯ್ದಿಟ್ಟರೆ ಅರ್ಜಿ ವಾಪಸ್. ನಿಮ್ಮ ಸಿಯಾಟಲ್‌ನಲ್ಲೂ ಕೊರೊನಾ ಆದಮೇಲೆ ಸಿಬ್ಬಂದಿ ಸಾಲದೆ ಟ್ರಿಪ್ಪು ಕಡಿಮೆ ಮಾಡಿದ್ದರು. ಕೇಳಿ ನೋಡಿ, ನಿಮ್ಮ ಮಗನಿಗೆ ನೆನಪಿರುತ್ತದೆ.

ಪ್ರಶ್ನೆ: ನಾನು ಬಿ.ಕಾಂ. ಓದುತ್ತಿದ್ದೇನೆ. ಬೋಟು ಕೊಳ್ಳಲು ದುಡ್ಡು ಸಿಗುತ್ತದೆ, ಓಡಿಸಲು ಸಿಗುವುದಿಲ್ಲ ಎಂದು ನೀವು ಹಿಂದೊಮ್ಮೆ ಬರೆದಿದ್ದಿರಿ. ಯಾಕೆ ಹಾಗೆ?
— ವಿದ್ಯಾರ್ಥಿನಿ, ಹೊನ್ನಾವರ

ನಿನ್ನ ಪಠ್ಯದಲ್ಲೇ ಇದೆ ಮಗಾ. ಬಂಡವಾಳ ಲೆಕ್ಕ, ರಾಜಸ್ವ ಲೆಕ್ಕ. ಒಮ್ಮೆ ಖರ್ಚು ಮಾಡಿದರೆ ಕಣ್ಣಿಗೆ ಕಾಣುವ ವಸ್ತು ಉಳಿಯುವುದು ಬಂಡವಾಳ. ದಿನಾ ಸುಟ್ಟು ಹೋಗುವುದು, ಅಂದರೆ ಡೀಸೆಲ್, ಸಂಬಳ, ಹಗ್ಗ, ಬಣ್ಣ, ಇವೆಲ್ಲ ರಾಜಸ್ವ. ಯೋಜನೆ ಎನ್ನುವುದಕ್ಕೆಲ್ಲ ಬಂಡವಾಳದ ಮೇಲೇ ಪ್ರೀತಿ. ಸಂಸದರ ನಿಧಿ ವರ್ಷಕ್ಕೆ 5 ಕೋಟಿ ರೂಪಾಯಿ. ಬಾಳಿಕೆ ಬರುವ ಆಸ್ತಿಗೆ ಮಾತ್ರ ಕೊಡಬೇಕು, ಮತ್ತೆ ಮತ್ತೆ ಬರುವ ಖರ್ಚಿಗೆ ಇಲ್ಲ ಅಂತ ಅದರ ನಿಯಮವೇ ಹೇಳುತ್ತದೆ. ಕೇಂದ್ರದ ಸಾಗರಮಾಲಾ ಯೋಜನೆ 2015ರಲ್ಲಿ ಬಂತು. ಅದರಲ್ಲೂ ಬಂದರು, ಜೆಟ್ಟಿ ಕಟ್ಟುವುದೇ ಮುಖ್ಯ. ಎಮ್ಮೆ ಕೊಡಿಸುವವರು ಬೇಕಾದಷ್ಟು ಜನ ಇದ್ದಾರೆ. ಹುಲ್ಲಿಗೆ ಅಂತ ಹೋದರೆ ಬಾಗಿಲು ಹಾಕಿರುತ್ತದೆ.

ನಾನೇ ಕಂಡದ್ದು ಹೇಳುತ್ತೇನೆ. ಒಂದು ಕಚೇರಿ, ಹೆಸರು ಬೇಡ. ಮಾರ್ಚ್ ಕೊನೆಯ ವಾರ. ಅನುದಾನ ವಾಪಸ್ ಹೋಗುತ್ತದೆ ಅಂತ ಗಡಿಬಿಡಿಯಲ್ಲಿ ಒಂದು ಫೈಬರ್ ಬೋಟು ಖರೀದಿಯಾಯಿತು. ಬಿಲ್ ನನ್ನ ಮೇಜಿಗೇ ಬಂದಿತ್ತು. ‘ಡ್ರೈವರ್ ಹುದ್ದೆ ಮಂಜೂರಾಗಿದೆಯೇ?’ ಅಂತ ಕೊಕ್ಕೆ ಹಾಕಿದೆ. ‘ಪ್ರಸ್ತಾವನೆ ಕಳಿಸಲಾಗಿದೆ’ ಅಂತ ಉತ್ತರ ಬಂತು. ಪಾಸು ಮಾಡಿದೆ. ಮಾಡಬಾರದಿತ್ತು. ಒಂದೂವರೆ ವರ್ಷ ಕಳೆದು ತಪಾಸಣೆಗೆ ಹೋದೆ. ಬೋಟು ತೆಂಗಿನ ಮರದ ಬುಡದಲ್ಲಿ ನೀಲಿ ತಾಡಪಾಲು ಹೊದ್ದುಕೊಂಡು ಕೂತಿತ್ತು. ಸೀಟಿನ ಪ್ಲಾಸ್ಟಿಕ್ ಕವರ್ ಕೂಡ ಹರಿದಿರಲಿಲ್ಲ. ಬ್ಯಾಟರಿ ಸತ್ತಿತ್ತು. ಹಿಂದಿನ ಸೀಟಿನ ಕೆಳಗೆ ಪಕ್ಕದ ಮನೆಯ ಕೋಳಿ ಐದು ಮೊಟ್ಟೆ ಇಟ್ಟು ಕಾವು ಕೂತಿತ್ತು. ಅನುದಾನ ಸರಿಯಾಗಿ ಬಳಕೆಯಾಗಿದೆ ಅಂತ ಹೇಳುವ ಬಳಕೆ ಪ್ರಮಾಣಪತ್ರ ಮಾತ್ರ ಯಾವಾಗಲೋ ಹೋಗಿಯಾಗಿತ್ತು. ಲೆಕ್ಕದ ಪ್ರಕಾರ ಆ ಬೋಟು ‘ಬಳಕೆಯಾಗಿದೆ’. ಕೋಳಿಯನ್ನು ಕೇಳಿದರೆ ಹೌದೆನ್ನುತ್ತಿತ್ತು.

ಹಾಗಾದರೆ ದಾರಿ ಇಲ್ವಾ? ಇದೆ. ಕಟ್ಟುವ ದುಡ್ಡಷ್ಟೇ ಸಿಗುವುದಾದರೆ, ಆ ದುಡ್ಡಿನಲ್ಲಿ ಮುಂದಿನ ಖರ್ಚು ಇಳಿಸುವಂಥದ್ದನ್ನೇ ಕೊಳ್ಳಬೇಕು. ಕೇರಳದ ವೈಕಂನಲ್ಲಿ 2017ರ ಜನವರಿಯಿಂದ ‘ಆದಿತ್ಯ’ ಅಂತ ಒಂದು ಸೋಲಾರ್ ಬೋಟು ಓಡುತ್ತಿದೆ. 75 ಜನ ಹಿಡಿಯುತ್ತದೆ. ದೇಶದ ಮೊದಲ ಸೋಲಾರ್ ಫೆರ್ರಿ ಅದು. ಆಚೆ ದಡದ ತವಣಕ್ಕಡವಿಗೆ ಹೋಗಿ ಬರುತ್ತದೆ, ಡೀಸೆಲ್ ಕುಡಿಯುವುದಿಲ್ಲ. ಕೊಳ್ಳುವಾಗ ತುಟ್ಟಿ, ಆಮೇಲೆ ಸೋವಿ. ಅಂದರೆ ರಾಜಸ್ವದ ತಲೆನೋವನ್ನು ಬಂಡವಾಳದ ಲೆಕ್ಕಕ್ಕೆ ದಾಟಿಸಿದ ಹಾಗೆ. ನಮ್ಮ ಅಳಿವೆಗಳಲ್ಲಿ ತಾರಿಯ ದಾರಿ ಚಿಕ್ಕದು, ಬೋಟಿಗೆ ಅವಸರವಿಲ್ಲ, ಬಿಸಿಲಿಗಂತೂ ಬರಗಾಲವಿಲ್ಲ. ಮಳೆಗಾಲದ ಮೂರು ತಿಂಗಳಿಗೆ ದಡದಲ್ಲಿ ಚಾರ್ಜಿಂಗ್ ಇರಬೇಕು, ಅಷ್ಟೇ. ಬ್ಯಾಟರಿ ಕೆಲವು ವರ್ಷಕ್ಕೆ ಬದಲಿಸಬೇಕಾಗುತ್ತದೆ. ಆ ದುಡ್ಡನ್ನು ಮೊದಲೇ ಎತ್ತಿಡದಿದ್ದರೆ ಮತ್ತೆ ಕೋಳಿಯೇ ಗತಿ.

ಪ್ರಶ್ನೆ: ಸೇತುವೆ ಬಂದಮೇಲೆ ಬೋಟಿಗೆ ದುಡ್ಡು ಹಾಕುವುದು ದಂಡ ಅಲ್ವೇ? ಸಿಗಂದೂರಿಗೂ ಈಗ ಸೇತುವೆಯಾಯಿತು.
— ಓದುಗರು, ಸದಾಶಿವಗಡ

ಸದಾಶಿವಗಡದವರೇ ಹೀಗೆ ಕೇಳಿದರೆ ಹೇಗೆ! ಕಾಳಿ ಹೊಳೆಗೆ ಸೇತುವೆ ಆಗುವ ಮೊದಲು ನಿಮ್ಮ ಹಿರಿಯರು ಕೋಡಿಬಾಗಕ್ಕೆ ಬರುತ್ತಿದ್ದದ್ದು ಬೋಟಿನಲ್ಲೇ. 2024ರ ಆಗಸ್ಟ್ 7ರ ನಡುರಾತ್ರಿ ಆ ಹಳೇ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಡ್ರೈವರ್ ಬದುಕಿದ್ದು ಪುಣ್ಯ. ಪಕ್ಕದಲ್ಲಿ ಹೊಸ ಸೇತುವೆ ಇದ್ದದ್ದರಿಂದ ಕಾರವಾರ ಎರಡು ಹೋಳಾಗಲಿಲ್ಲ. ಅದೂ ಇಲ್ಲದಿದ್ದರೆ? ಆ ದಿನ ಬೆಳಿಗ್ಗೆ ಕಾಲೇಜಿಗೆ, ಆಸ್ಪತ್ರೆಗೆ ಹೊರಟವರನ್ನು ದಾಟಿಸಲು ತಾರಿ ಎಲ್ಲಿತ್ತು? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುವುದು ನಮ್ಮ ಹಳೇ ಚಾಳಿ.

ಸಿಗಂದೂರಿನ ಮಾತು ಬೇರೆ. ಶರಾವತಿ ಹಿನ್ನೀರಿನ 2.44 ಕಿಲೋಮೀಟರ್ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾಯಿತು. ಹಿನ್ನೀರಿನಿಂದ ದ್ವೀಪದಂತಾಗಿದ್ದ ಆಚೆ ದಡದ ಊರುಗಳ ಜನ ಅದಕ್ಕಾಗಿ ದಶಕಗಟ್ಟಲೆ ಕಾದಿದ್ದರು. ಬೇಸಿಗೆಯಲ್ಲಿ ಹಿನ್ನೀರು ಇಳಿದು ಲಾಂಚಿಗೆ ವಾಹನ ಹತ್ತಿಸುವುದೇ ನಿಲ್ಲುತ್ತಿತ್ತು. ರಾತ್ರಿ ಹೆರಿಗೆ ನೋವು ಬಂದರೆ ದೇವರೇ ಗತಿ. ಅಲ್ಲಿ ಸೇತುವೆ ಬೇಕೇ ಬೇಕಿತ್ತು.

ಆದರೆ ಎಲ್ಲ ಅಳಿವೆಗೂ ಸೇತುವೆ ಕಟ್ಟಲಾಗುವುದಿಲ್ಲ, ಕಟ್ಟಲೂಬಾರದು. ಅಘನಾಶಿನಿ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗುಭೂಮಿಗಳ ಪಟ್ಟಿಗೆ ಸೇರಿದೆ. ಬಳಚು, ಕಾಂಡ್ಲಾ ಕಾಡು, ಉಪ್ಪುನೀರು ತಡೆಯುವ ಕಗ್ಗ ಭತ್ತದ ಗದ್ದೆ ಎಲ್ಲ ಅದರ ಮಡಿಲಲ್ಲಿವೆ. ಅಲ್ಲಿ ತಾರಿಯಲ್ಲಿ ದಾಟಿದರೆ ಎಲೆಯಡಿಕೆ ಹಾಕಿ ಮುಗಿಸುವಷ್ಟು ಹೊತ್ತು. ರಸ್ತೆಯಲ್ಲಿ ಕುಮಟಾ, ಮಿರ್ಜಾನ ಸುತ್ತಿ ಬರಲು 30 ಕಿಲೋಮೀಟರಿಗೂ ಜಾಸ್ತಿ. ಇಂಥ ಕಡೆ ನಾಲ್ಕು ಕಂಬದ ಪಾಂಟೂನ್ ಮತ್ತು ಒಂದು ಒಳ್ಳೇ ಬೋಟು ಸಾಕು. ಸೇತುವೆಯ ಖರ್ಚಿನ ಎದುರು ಅದು ಚಿಲ್ಲರೆ.

ಪ್ರಶ್ನೆ: ಮೀನುಗಾರಿಕೆ ಬಂದರಿಗೆ ಕೋಟಿಗಟ್ಟಲೆ ಬರುತ್ತದೆ. ಅದೇ ಧಕ್ಕೆಯಲ್ಲಿ ಪ್ರಯಾಣಿಕರ ಬೋಟೂ ನಿಲ್ಲಬಹುದಲ್ಲ?
— ಓದುಗರು, ಅಂಕೋಲಾ

ಆ ಹಣದ ಬಾಗಿಲೇ ಬೇರೆ. ಮತ್ಸ್ಯ ಸಂಪದ ಯೋಜನೆ 2020ರಲ್ಲಿ ಬಂತು, 20,050 ಕೋಟಿ ರೂಪಾಯಿಯದ್ದು. ಅದು ಮೀನಿಗೆ, ಮೀನುಗಾರರಿಗೆ. ಧಕ್ಕೆಯ ಎತ್ತರವೂ ಟ್ರಾಲರ್‌ಗೆ ಹೊಂದಿಸಿದ್ದು. ಬೆಳಿಗ್ಗೆ ಆರಕ್ಕೆ ಅಲ್ಲಿ ಮಂಜುಗಡ್ಡೆ, ಬಲೆ, ಬಂಗಡೆ ಬುಟ್ಟಿಗಳ ನಡುವೆ ಶಾಲೆ ಮಕ್ಕಳನ್ನು ನಡೆಸಿಕೊಂಡು ಹೋಗಿ ನೋಡಿ, ಆಮೇಲೆ ಪತ್ರ ಬರೆಯಿರಿ.

ಪ್ರಶ್ನೆ: ಬೋಟಿನಲ್ಲಿ ಲೈಫ್ ಜಾಕೆಟ್ ಕೇಳಿದರೆ ನಗುತ್ತಾರೆ. ‘ಐದು ನಿಮಿಷಕ್ಕೆ ಯಾಕ್ರೀ?’ ಅನ್ನುತ್ತಾರೆ.
— ಶಿಕ್ಷಕಿ, ಕಾರವಾರ

ನಗಲಿ, ನೀವು ಹಾಕಿಕೊಳ್ಳಿ ಅಕ್ಕೋರೆ. 2019ರ ಜನವರಿ 21ರಂದು ಕೂರ್ಮಗಡ ದ್ವೀಪದ ಜಾತ್ರೆಯಿಂದ ವಾಪಸ್ ಬರುವಾಗ ಬೋಟು ಮಗುಚಿ 16 ಜನ ಹೋದರು. ನಿಮ್ಮೂರ ಕಣ್ಣೆದುರೇ. ಕೇರಳದ ತಾನೂರಿನಲ್ಲಿ 2023ರ ಮೇ 7ರಂದು 22 ಜನ. ಎರಡು ಕಡೆಯೂ ಬೋಟಿನ ಅಳತೆ ಮೀರಿ ಜನ ಹತ್ತಿದ್ದರು.

1917ರ ಹಳೇ ಕಾಯ್ದೆ ಹೋಗಿ 2021ರಲ್ಲಿ ಒಳನಾಡು ಹಡಗುಗಳ ಹೊಸ ಕಾಯ್ದೆ ಬಂದಿದೆ. ಬೋಟಿಗೆ ನೋಂದಣಿ, ತಪಾಸಣೆಯ ಪತ್ರ, ವಿಮೆ ಬೇಕು. ನಡೆಸುವವರಿಗೆ ಅರ್ಹತಾ ಪತ್ರ ಬೇಕು. ಎಷ್ಟು ಜನ ಹತ್ತಬಹುದು ಅಂತ ತಪಾಸಣೆ ಮಾಡಿದವರೇ ಬರೆದಿರುತ್ತಾರೆ. ಆ ಅಂಕಿಯನ್ನು ಬೋಟಿನ ಮೇಲೆ ದೊಡ್ಡದಾಗಿ ಬಣ್ಣದಲ್ಲಿ ಬರೆಸಿ ಅಂತ ಕೇಳಿ. ಒಂದು ಡಬ್ಬಿ ಬಣ್ಣಕ್ಕೆ ಯಾವ ಯೋಜನೆಯೂ ಬೇಡ.

ಪ್ರಶ್ನೆ: ತಾರಿಗೆ ಟಿಕೆಟ್ ಜಾಸ್ತಿ ಮಾಡಿದರೆ ಸರ್ಕಾರದ ಹಂಗೇ ಬೇಡವಲ್ಲ?
— ವ್ಯಾಪಾರಿ, ಕುಮಟಾ

ನಿಮ್ಮ ಅಂಗಡಿ ಮುಂದಿನ ರಸ್ತೆಗೆ ನೀವು ಟಿಕೆಟ್ ಕೊಡುತ್ತೀರಾ? ಪಕ್ಕದ ಗೋವಾದಲ್ಲಿ ಸಾಮಾನ್ಯ ಸರ್ಕಾರಿ ಫೆರ್ರಿಗೆ ನಡೆದು ಹತ್ತುವವರಿಂದ ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ನ್ಯೂಯಾರ್ಕಿನ ಸ್ಟೇಟನ್ ಐಲ್ಯಾಂಡ್ ಫೆರ್ರಿ 1997ರಿಂದ ಪುಕ್ಕಟೆ. ಬಳಚು ಮಾರುವವಳ ಬುಟ್ಟಿಯಿಂದ ಡೀಸೆಲ್ ತೆಗೆಯಲು ಹೋಗಬೇಡಿ. ಪ್ರವಾಸಿಗರ ಬೈಕು, ಕಾರಿಗೆ ಬೇಕಾದರೆ ಹಾಕಲಿ, ನನ್ನ ತಕರಾರಿಲ್ಲ.

ಪ್ರಶ್ನೆ: ನಮ್ಮೂರ ಜೆಟ್ಟಿಗೆ ಎಷ್ಟು ಬಂತು, ಎಲ್ಲಿ ಹೋಯಿತು ಅಂತ ತಿಳಿಯುವುದು ಹೇಗೆ?
— ಯುವಕ ಸಂಘದವರು, ಹೊನ್ನಾವರ ತಾಲೂಕು

2005ರ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕ, 30 ದಿನದ ಗಡುವು. ಆದರೆ ‘ಎಷ್ಟು ಮಂಜೂರಾಗಿದೆ’ ಅಂತ ಮಾತ್ರ ಕೇಳಬೇಡಿ. ಆ ಅಂಕಿ ಶಂಕುಸ್ಥಾಪನೆಯ ಕಲ್ಲಿನ ಮೇಲೇ ಇರುತ್ತದೆ. ಅಂದಾಜುಪಟ್ಟಿಯ ನಕಲು ಕೇಳಿ. ಓಡುಹಲಗೆಯ ಉದ್ದ ಮೊದಲು ಎಷ್ಟಿತ್ತು, ಕೊನೆಗೆ ಎಷ್ಟಾಯಿತು ನೋಡಿ. ಮೂರನೇ ವರ್ಷದ ದುರಸ್ತಿಗೆ ಯಾವ ಲೆಕ್ಕಶೀರ್ಷಿಕೆಯಲ್ಲಿ ಹಣ ಇಟ್ಟಿದ್ದಾರೆ ಅಂತ ಕೇಳಿ. ಡ್ರೈವರ್, ಖಲಾಸಿ ಹುದ್ದೆ ಎಷ್ಟು, ಭರ್ತಿಯಾಗಿದ್ದು ಎಷ್ಟು ಅಂತಲೂ ಕೇಳಿ.

ಜೊತೆಗೆ ಒಂದು ಫೋಟೊ ಇಟ್ಟುಕೊಳ್ಳಿ. ಅಮಾವಾಸ್ಯೆ ಕಳೆದ ಮಾರನೇ ದಿನ, ನೀರು ಪೂರ್ತಿ ಇಳಿದ ಹೊತ್ತಿಗೆ ಹೋಗಿ ತೆಗೆಯಿರಿ. ಕೊನೆಯ ಮೆಟ್ಟಿಲು, ಬೋಟಿನ ಅಂಚು ಎರಡೂ ಕಾಣಬೇಕು. ನಡುವಿನ ಅಂತರಕ್ಕೆ ಟೇಪು ಹಿಡಿದು ಒಬ್ಬರು ನಿಲ್ಲಿ. ಭರತದ ಹೊತ್ತಿನ ಫೋಟೊ ಅವರ ಹತ್ತಿರವೇ ಇರುತ್ತದೆ, ಉದ್ಘಾಟನೆಯ ದಿನದ್ದು. ಉತ್ತರ ಬಂದರೆ ನನಗೂ ಒಂದು ನಕಲು ಕಳಿಸಿ, ಕೊಕ್ಕೆ ಹಾಕಿ ಕೊಡುತ್ತೇನೆ.